ಪದ್ದತ್ತೆಯ ಮಡಿ ಕೆಟ್ಟ ದಿನ

ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ನಾನು ನಕ್ಕುಬಿಡುತ್ತಿದ್ದೆ. ದೆವ್ವ ಕಂಡೆ, ದೇವರು ಕರೆದ ಎನ್ನುವವರನ್ನು ಕೆಣಕಿ ಕೆಣಕಿ, ಕೊನೆಗೆ ಅವರಿಗೇ ಸಂಶಯ ಬರುವ ಹಾಗೆ ಮಾಡುವುದು ನನಗೊಂದು ಚಟವಾಗಿತ್ತು. ಆದ್ದರಿಂದ ಈಗ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ ಸುಮ್ಮನಾಗುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮದರಾಸಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ವಿಷಯ ಕೇಳಿದವರಿಗೆಲ್ಲ ಆಕಳಿಕೆ ಬರುತ್ತಿತ್ತು. ಓಡುವ ಯಂತ್ರದಲ್ಲಿ ಬಾಗುವ, ಬಳುಕುವ ಎರಡು ಭಾಗಗಳು ಒಂದಕ್ಕೊಂದು ತಾಗಿದರೆ ಎಲ್ಲಿ ತಾಗುತ್ತವೆ, ಎಷ್ಟು ಬಲದಿಂದ ತಳ್ಳಿಕೊಳ್ಳುತ್ತವೆ ಎಂಬುದನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಬೇಕಿತ್ತು. ಕಬ್ಬಿಣದ ಗುಂಡುಗಳಾದರೆ ಸುಲಭ. ಯಂತ್ರದ ಚಕ್ರ ತಿರುಗಿಸುವ ಬೆಲ್ಟಿನಂಥ ವಸ್ತು ತಾಗಿದ ಕೂಡಲೇ ತನ್ನ ಆಕಾರವನ್ನೇ ಬದಲಿಸುತ್ತದೆ, ಆಕಾರ ಬದಲಾದರೆ ತಾಗುವ ಜಾಗವೂ ಬದಲಾಗುತ್ತದೆ. ಲೆಕ್ಕವನ್ನು ತೂತುಗಳಾಗಿ ಹೊಡೆದ ಕಾರ್ಡುಗಳ ಕಟ್ಟನ್ನು ಕಂಪ್ಯೂಟರಿಗೆ ಕೊಟ್ಟು, ಮರುದಿನ ಉತ್ತರಕ್ಕಾಗಿ ಕಾಯುವ ಕಾಲ ಅದು. ನನ್ನ ಉತ್ತರದಲ್ಲಿ ಎರಡು ಬೆಲ್ಟುಗಳು ತಾಗುವ ಬದಲು ಒಂದರ ಮೈಯೊಳಗಿಂದ ಇನ್ನೊಂದು ಹಾದುಹೋಗುತ್ತಿತ್ತು. ನಡುವೆ ಲೆಕ್ಕದಲ್ಲೇ ಒಂದು ಸ್ಪ್ರಿಂಗ್ ಇಟ್ಟು ನೋಡಿದೆ. ಅದು ಮೆತ್ತಗಿದ್ದರೆ ಮತ್ತೆ ಹಾದುಹೋಗುತ್ತಿದ್ದವು, ಬಿರುಸಾದರೆ ದಿಕ್ಕಾಪಾಲಾಗಿ ಸಿಡಿಯುತ್ತಿದ್ದವು. ದೆವ್ವ ನಂಬದವನ ಲೆಕ್ಕದ ತುಂಬ ದೆವ್ವಗಳೇ.

ಬೇಸಿಗೆಗೆ ನಮ್ಮೂರು ಆದೋನಿಗೆ ಬಂದಾಗ, ನಿಜವಾದ ಬೆಲ್ಟುಗಳನ್ನೇ ನೋಡೋಣ ಎಂದು ಊರಂಚಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯೊಂದಕ್ಕೆ ಹೋಗತೊಡಗಿದೆ. ಅಲ್ಲಿ ಮೇಲೆ ತಿರುಗುವ ಉದ್ದನೆಯ ಕಬ್ಬಿಣದ ಶಾಫ್ಟಿನಿಂದ ಎಲ್ಲ ಯಂತ್ರಗಳಿಗೂ ಬೆಲ್ಟುಗಳು ಇಳಿದಿದ್ದವು. ಮೂಲೆಯಲ್ಲಿ ಅಕ್ಕಪಕ್ಕದ ಎರಡು ಸಡಿಲ ಬೆಲ್ಟುಗಳು ಓಡುತ್ತಲೇ ಬಡಿದಾಡಿಕೊಳ್ಳುತ್ತಿದ್ದವು. ಒಂದರ ಅಂಚಿಗೆ ಕುಂಕುಮ ಬಳಿದು, ಅದು ಇನ್ನೊಂದಕ್ಕೆ ಎಲ್ಲಿ ಅಂಟುತ್ತದೆ ಎಂದು ನೋಡುವುದು ನನ್ನ ಉಪಾಯ. ಯಂತ್ರ ನಿಂತಿದ್ದಾಗ ನಾನು ಬೆಲ್ಟಿಗೆ ಕುಂಕುಮ ಹಚ್ಚುವುದನ್ನು ಕಂಡು, ಅದನ್ನು ನಡೆಸುವ ಹುಸೇನಪ್ಪ ಪೂಜೆಯೆಂದೇ ತಿಳಿದು ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ತೆಂಗಿನಕಾಯಿ ತರಿಸಲೇ ಎಂದೂ ಕೇಳಿದ.

ಇನ್ನು ಮನೆಯ ವಿಷಯ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಪ್ಪನ ಅಕ್ಕ ಪದ್ದತ್ತೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮದು ಮಾಧ್ವರ ಮನೆ, ಅವಳ ಮಡಿಯಂತೂ ಓಣಿಗೇ ಹೆಸರುವಾಸಿ. ಬೆಳಿಗ್ಗೆ ಒದ್ದೆ ಸೀರೆಯಲ್ಲಿ ಅಡುಗೆಮನೆ ಹೊಕ್ಕರೆ, ನೈವೇದ್ಯವಾಗುವ ತನಕ ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ಸೆರಗಿನ ತುದಿ ನಮ್ಮ ಅಂಗಿಗೆ ಸೋಕಿದರೂ ಮತ್ತೆ ಸ್ನಾನ. ತಾಗುವುದರ ಮೇಲೆ ಸಂಶೋಧನೆ ಮಾಡಬೇಕಾದವಳು ನಮ್ಮತ್ತೆ ಎಂದು ನಾನು ಗೆಳೆಯರ ಮುಂದೆ ತಮಾಷೆ ಮಾಡುತ್ತಿದ್ದೆ.

ಆ ದಿನ ಹನ್ನೊಂದರ ಸುಮಾರಿಗೆ, ಓಡುತ್ತಿದ್ದ ಬೆಲ್ಟುಗಳ ನಡುವೆ ಕೆಂಪು ಗುರುತು ಕಾಣುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಎಡಗೈಯ ಮಣಿಕಟ್ಟನ್ನು ಯಾರೋ ಹಿಡಿದರು. ಒದ್ದೆ ಬಟ್ಟೆ ಸುತ್ತಿದಂಥ ತಣ್ಣನೆಯ ಹಿಡಿತ, ಜೊತೆಗೆ ಒಂದು ಜಗ್ಗು. ಯಾರಪ್ಪಾ ಇದು ಎಂದು ಹಿಂದೆ ಸರಿದು ತಿರುಗಿದೆ. ಯಾರೂ ಇರಲಿಲ್ಲ. ಅಷ್ಟರಲ್ಲಿ ಬೆಲ್ಟಿನ ಎರಡು ತುದಿ ಕೂಡಿಸಿದ ಜಾಗ ಕಿತ್ತುಬಂತು. ಬಿಚ್ಚಿದ ಬೆಲ್ಟು ನನ್ನ ತಲೆಯಿದ್ದ ಜಾಗದಲ್ಲಿ ಬೀಸಿ, ಪಕ್ಕದ ಮರದ ಕಂಬಕ್ಕೆ ಅಪ್ಪಳಿಸಿ ಅದನ್ನು ಸೀಳಿತು.

ಹುಸೇನಪ್ಪ ಯಂತ್ರ ನಿಲ್ಲಿಸಿ ಓಡಿಬಂದ. ನನ್ನನ್ನು ಎಳೆದದ್ದು ಯಾರು ಎಂದು ಕೇಳಿದೆ.

"ಯಾರೂ ಇಲ್ರೀ ಸ್ವಾಮಿ. ನಾ ಇತ್ತಾಗೇ ನೋಡಾಕ ಹತ್ತಿದ್ದೆ, ನೀವೇ ಹಿಂದಕ ಬಂದ್ರಿ. ನಿಮ್ಮ ನಸೀಬು ಗಟ್ಟಿ ಐತ್ರಿ," ಎಂದ. ನನ್ನ ಅಂಗಿಯ ಎಡತೋಳಿನ ತುದಿ ಒದ್ದೆಯಾಗಿತ್ತು, ಬಲತೋಳು ಒಣಗಿಯೇ ಇತ್ತು.

ಮನೆ ಸೇರಿದಾಗ ಊಟದ ಹೊತ್ತು ಮೀರಿತ್ತು. ಅಡುಗೆ ಮಾತ್ರ ಇನ್ನೂ ಒಲೆಯ ಮೇಲೇ ಇತ್ತು. ನಮ್ಮ ಮನೆಯಲ್ಲಿ ಹಾಗೆ ಎಂದೂ ಆದದ್ದಿಲ್ಲ. ಯಾಕೆ ತಡ ಎಂದು ಅಡುಗೆಮನೆಯ ಹೊಸ್ತಿಲಾಚೆ ನಿಂತು ಕೇಳಿದೆ. ಪದ್ದತ್ತೆಗೆ ಸಿಟ್ಟು ಬಂದಿತ್ತು.

"ಮಡಿ ಕೆಡ್ತೋ. ಬ್ಯಾಳಿ ತೊಳೀಲಿಕ್ಕೆ ಹತ್ತಿದ್ದೆ, ಯಾರದೋ ಮಣಿಕಟ್ಟು ಕೈಯಾಗ ಸಿಕ್ಕಂಗಾತು. ನೋಡಿದ್ರ ಯಾರೂ ಇಲ್ಲ, ಬಾಗಿಲ ಹಾಕಿದ್ದು ಹಾಕಿದಂಗ ಅದ."

ಯಾರೂ ಇಲ್ಲದಿದ್ದರೇನು, ಮುಟ್ಟಿದ್ದಂತೂ ಖರೆ ಎಂದು, ಆ ಬೇಸಿಗೆಯ ನೀರಿನ ತತ್ವಾರದಲ್ಲಿ ಅವಳು ಮತ್ತೆ ತಲೆಯ ಮೇಲೆ ಕೊಡ ಸುರಿದುಕೊಂಡು, ಅಡುಗೆಯನ್ನು ಮೊದಲಿನಿಂದ ಶುರುಮಾಡಿದ್ದಳು. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಹನ್ನೊಂದರ ಸುಮಾರು ಎಂದಳು.

ಆಮೇಲೆ ವರ್ಷಗಟ್ಟಲೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ತೋಳು ಒದ್ದೆಯಾದದ್ದು ಬೆವರಿನಿಂದ. ಬೆಲ್ಟಿನ ಸದ್ದು ಬದಲಾದದ್ದು ನನಗರಿವಿಲ್ಲದೆ ಕಿವಿಗೆ ಬಿದ್ದಿರಬೇಕು. ಅತ್ತೆಯ ಕೈ ಜೋಮು ಹಿಡಿದಿರಬೇಕು. ಬಿಡಿಬಿಡಿಯಾಗಿ ಎಲ್ಲಕ್ಕೂ ಉತ್ತರವಿದೆ, ಒಟ್ಟಿಗೆ ಇಟ್ಟರೆ ಒಂದಕ್ಕೂ ಇಲ್ಲ. ಲೆಕ್ಕ ಸರಿಯಾಗಿದೆಯೇ ಎಂದು ನೋಡಲು ನಮ್ಮ ವಿದ್ಯೆಯಲ್ಲಿ ಒಂದು ನಿಯಮವಿದೆ. ತಾಗಿದರೆ ಎರಡೂ ಕಡೆ ತಾಗಬೇಕು, ಒಂದರ ಮೇಲೆ ಬಿದ್ದಷ್ಟೇ ಬಲ ಇನ್ನೊಂದರ ಮೇಲೂ ಬೀಳಬೇಕು. ಆ ನಿಯಮದ ಪ್ರಕಾರ ಇದರಲ್ಲಿ ತಪ್ಪೇ ಇಲ್ಲ. ನಡುವೆ ಅರ್ಧ ಊರು ಇತ್ತು, ಅಷ್ಟೇ.

ಆ ಮಧ್ಯಾಹ್ನ ಹೊಸ್ತಿಲಲ್ಲಿ ನಿಂತೇ ಫ್ಯಾಕ್ಟರಿಯ ಸಂಗತಿಯನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಪದ್ದತ್ತೆ ಸೌಟು ಕೆಳಗಿಟ್ಟಳು. ಎದ್ದು, ಮಡಿಯಲ್ಲಿದ್ದ ಹಾಗೆಯೇ ಹೊಸ್ತಿಲು ದಾಟಿ ಬಂದು, ನನ್ನ ಎಡಗೈ ಹಿಡಿದುಕೊಂಡಳು. ನನಗೆ ತಿಳಿವಳಿಕೆ ಬಂದಾಗಿನಿಂದ ಅವಳು ಹಾಗೆ ಮಾಡಿದ್ದು ಅದೊಂದೇ ಸಲ. ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನೋವಾತೇನೋ? ನಾ ಭಾಳ ಗಟ್ಟಿ ಹಿಡದಿದ್ನೇನು?"

ಇಲ್ಲವೆಂದು ತಲೆಯಾಡಿಸಿದೆ. ಅವಳು ನನ್ನ ತಲೆ ಸವರಿ, ಒಲೆಯ ಉರಿ ತಗ್ಗಿಸಿ, ಕೊಡ ಎತ್ತಿಕೊಂಡು ಇನ್ನೊಂದು ಸಲ ಸ್ನಾನಕ್ಕೆ ಹೋದಳು. ದಿನಕ್ಕೆ ಒಂದೇ ಹೊತ್ತು ಉಣ್ಣುವ ಅವಳು ಅಂದು ಎಲೆಯ ಮುಂದೆ ಕೂತಾಗ ಬಿಸಿಲು ಇಳಿದಿತ್ತು. ನಾನು ಬದುಕಿರುವುದು ಅವಳಿಂದ. ಹೇಗೆಂದು ಕೇಳಿದರೆ, ನನಗೆ ಇವತ್ತಿಗೂ ಗೊತ್ತಿಲ್ಲ.