ಎರಡು ತಟ್ಟೆಗೆ ಇಪ್ಪತ್ನಾಲ್ಕು ಕೈಮಾ ಉಂಡೆ

ಟೋರ್ಗ್ನಿ ಹೆಡ್ಲುಂಡನನ್ನು ಸರಕು ನೋಡುವ ಕಣ್ಣಿನಿಂದ ನೋಡಿದರೆ ಹೀಗೆ: ಆರಡಿ ಎತ್ತರ, ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸವೆದ ಬೆನ್ನು, ಹೊರಗೆ ಗೀರು ಬಹಳ, ಒಳಗೆ ಹುಳುಕಿಲ್ಲ. ಚೌಕಾಸಿ ಗೊತ್ತಿಲ್ಲ, ಹರಟೆ ಮೊದಲೇ ಗೊತ್ತಿಲ್ಲ. ನಾನು ಹೊರದೇಶದಿಂದ ಬಂದು ಸಾಂಡ್ವಿಕೆನ್ ಊರಿನಲ್ಲಿ ಇಟ್ಟ ಮಾಂಸದಂಗಡಿಗೆ ಒಂದು ಗುರುವಾರ ಬಿಟ್ಟು ಒಂದು ಗುರುವಾರ ಬರುತ್ತಿದ್ದ. ದನದ ಕೈಮಾ ಎಂಟುನೂರು ಗ್ರಾಂ, ಹಂದಿಯದು ನಾನೂರು. ತಕ್ಕಡಿಯಲ್ಲಿ ಹತ್ತು ಗ್ರಾಂ ಹೆಚ್ಚು ಬಿದ್ದರೆ "ತೆಗಿ" ಅನ್ನುತ್ತಿದ್ದ. ಪುಕ್ಕಟೆ ಅಂದರೂ ತೆಗೆಸುತ್ತಿದ್ದ.

ಹೆಂಡತಿಯಿಂದ ಬೇರೆಯಾದಾಗ ಮಗಳು ತುವಾಗೆ ಆರು ವರ್ಷ. ಅಂದಿನಿಂದ ಅವಳಿಗೆ ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಬ್ಯಾಗು ಮನೆ ಬದಲಿಸುತ್ತಿತ್ತು. ಮಗಳಿಲ್ಲದ ವಾರ ಟೋರ್ಗ್ನಿ ಬ್ರೆಡ್ಡು ತಿಂದು ಮಲಗುತ್ತಿದ್ದ. ಅವಳು ಬರುವ ಹಿಂದಿನ ದಿನ ಮಾತ್ರ ಒಲೆಯ ಮುಂದೆ ನಿಲ್ಲುತ್ತಿದ್ದ. ಬ್ರೆಡ್ಡಿನ ಪುಡಿಯನ್ನು ಹಾಲಿನಲ್ಲಿ ನೆನೆಸಿ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಮೊಟ್ಟೆ, ಮೆಣಸಿನ ಪುಡಿ ಸೇರಿಸಿ ಕೈಮಾ ನಾದುತ್ತಿದ್ದ. ಅಂಗೈ ಒದ್ದೆ ಮಾಡಿಕೊಂಡು ಎಪ್ಪತ್ತೆರಡು ಉಂಡೆ ಕಟ್ಟುತ್ತಿದ್ದ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಾಣಲೆಯನ್ನು ಅಲುಗಾಡಿಸುತ್ತ ಹುರಿದು, ಆರಿಸಿ, ಮೂರು ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡುತ್ತಿದ್ದ. ಡಬ್ಬಿಗೆ ಇಪ್ಪತ್ನಾಲ್ಕು: ಮಗಳಿಗೆ ಹತ್ತು, ತನಗೆ ಹದಿನಾಲ್ಕು. ಪಾಳಿ ಮುಗಿಸಿ ಬಂದರೆ ಹತ್ತು ನಿಮಿಷದಲ್ಲಿ ಊಟ. ಉಳಿದ ಹೊತ್ತೆಲ್ಲ ಮಗಳಿಗೆ. ಅವನ ಪಾಲಿಗೆ ಬದುಕು ಎಂದರೆ ಆ ವಾರವೇ.

ಕಳೆದ ನವೆಂಬರಿನ ಒಂದು ಮಂಗಳವಾರ ತುವಾ ತನ್ನ ಗೆಳತಿಯನ್ನು ಕರೆತಂದಳು. ಗೆಳತಿ ನನ್ನ ಮಗಳು ನಹ್ರಿನ್. ಇಬ್ಬರಿಗೂ ಹದಿನಾಲ್ಕು. ಐದೂವರೆಗೆ ಟೋರ್ಗ್ನಿ ಕೋಣೆಯ ಬಾಗಿಲಲ್ಲಿ ನಿಂತ.

"ತುವಾ, ಊಟ. ನಹ್ರಿನ್, ನೀನಿಲ್ಲೇ ಕೂತಿರು. ಬರೀ ಕಾಲು ಗಂಟೆ ಅಷ್ಟೆ."

ಇಲ್ಲಿನ ಹಳಬರು ಹಾಗೇ ಬೆಳೆದವರು. ಆಡಲು ಬಂದ ಮಗು ಕೋಣೆಯಲ್ಲಿ ಕಾಯುತ್ತದೆ, ಮನೆಯವರು ಉಣ್ಣುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ತುವಾ ನಾಲ್ಕು ಉಂಡೆ ತಿಂದು ಫೋರ್ಕು ಕೆಳಗಿಟ್ಟಳು.

"ಅಪ್ಪ, ಅವಳಿಗೂ ಒಂದು ತಟ್ಟೆ ಹಾಕು."

"ಅವರಮ್ಮ ಅಡುಗೆ ಮಾಡ್ಕೊಂಡು ಕಾಯ್ತಿರ್ತಾಳೆ. ನಾವು ಹೊಟ್ಟೆ ತುಂಬಿಸಿ ಕಳಿಸಿದ್ರೆ ಅವಳಿಗೆ ಬೇಜಾರಾಗಲ್ವಾ?"

"ಅವರ ಮನೇಲಿ ನಾನೆಷ್ಟು ಸಲ ಉಂಡಿದ್ದೀನಿ ಗೊತ್ತಾ? ಬೇಡ ಅಂದ್ರೂ ಬಿಡಲ್ಲ ಅವರು."

ಟೋರ್ಗ್ನಿ ಖಾಲಿ ಡಬ್ಬಿ ಎತ್ತಿ ತೋರಿಸಿದ. "ಇದ್ದಿದ್ದೇ ಇಪ್ಪತ್ನಾಲ್ಕು, ತುವಾ."

ಅದು ನಿಜವೇ. ಆದರೆ ಬಾಗಿಲಾಚೆ ನಹ್ರಿನ್ ಎಲ್ಲ ಕೇಳಿಸಿಕೊಂಡಿದ್ದಳು. ಮನೆಗೆ ಬಂದು ನಗುತ್ತ ಹೇಳಿದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ. ನನಗೆ ಮಾತ್ರ ಅದು ಒಳ್ಳೆಯ ಸರಕಿನಂತೆ ಕಂಡಿತು. ಮರುದಿನ ಗುನ್ವೋರ್ ಮುದುಕಿ ಸಾಸೇಜಿಗೆ ಬಂದಾಗ ಬಿಚ್ಚಿದೆ.

"ಟೋರ್ಗ್ನಿ ಮನೆಗೆ ಹೋಗೋದಿದ್ರೆ ಬುತ್ತಿ ಕಟ್ಕೊಂಡು ಹೋಗು ಗುನ್ವೋರ್. ಅಲ್ಲಿ ಉಂಡೆಗೂ ಹಾಜರಿ ಕರೀತಾರೆ."

"ನಿಂಗೇನು ಗೊತ್ತಯ್ಯ? ಈ ಊರಿನ ಅರ್ಧ ಮನೆಗಳ ಗೋಡೆ ನೋಡ್ತಾ ಹಸ್ಕೊಂಡು ಕೂತು ಬೆಳೆದವಳು ನಾನು," ಎಂದು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನಕ್ಕಿದ್ದು ನೋಡಿ ಮುಂದಿನ ಗಿರಾಕಿಗೂ ಹೇಳಿದೆ, ಅದರ ಮುಂದಿನವನಿಗೂ. ಶುಕ್ರವಾರದ ಹೊತ್ತಿಗೆ ಕಥೆ ಶಾಲೆಯ ಊಟದ ಕೋಣೆ ಸೇರಿತ್ತು. ತುವಾ ತಟ್ಟೆ ಹಿಡಿದು ಕೂತರೆ ಸುತ್ತ ಹುಡುಗರು ಜೋರಾಗಿ ಎಣಿಸುತ್ತಿದ್ದರಂತೆ: "ಇಪ್ಪತ್ಮೂರು, ಇಪ್ಪತ್ನಾಲ್ಕು, ಖಾಲಿ."

ಅಪ್ಪನ ಮುಂದಿನ ವಾರಕ್ಕೆ ಅವಳು ಬರಲಿಲ್ಲ. ತಾಯಿ ಫೋನು ಮಾಡಿದಳು. "ಹದಿನಾಲ್ಕು ವರ್ಷದವಳನ್ನ ಹೊತ್ಕೊಂಡು ಬಂದು ಬಿಡೋಕಾಗುತ್ತಾ ಟೋರ್ಗ್ನಿ? ಸ್ವಲ್ಪ ದಿನ ಸುಮ್ನಿರು."

ಅವನು ಸುಮ್ಮನಿದ್ದ. ಆದರೆ ಗುರುವಾರ ತಪ್ಪಿಸಲಿಲ್ಲ. ಈಗ ಅವನು ಕೇಳಿದ್ದು ಎರಡೂ ಕೈಮಾ ಸೇರಿ ಒಂದು ಕಿಲೋ ಎಂಟುನೂರು ಗ್ರಾಂ.

"ಮೂರು ತಟ್ಟೆಗೆ," ಎಂದ, ನಾನು ಕೇಳದೆಯೇ. ತಕ್ಕಡಿ ನೋಡುತ್ತಲೇ ಕೇಳಿದ, "ನಿನ್ನ ಮಗಳಿಗೆ ಹಂದಿ ಆಗುತ್ತಾ?"

"ಆಗುತ್ತೆ."

"ಹಾಗಾದ್ರೆ ಸರಿ."

ನಾನು ಆಗ ಬಾಯಿ ಬಿಡಬಹುದಿತ್ತು. "ಇನ್ನೇನಾದ್ರೂ ಬೇಕಾ?" ಎಂದು ವ್ಯಾಪಾರಿ ಕೇಳುವುದನ್ನೇ ಕೇಳಿ ಕಟ್ಟಿಕೊಟ್ಟೆ.

ಚಳಿಗಾಲವಿಡೀ ಹಾಗೇ ನಡೆಯಿತು. ತನ್ನ ವಾರ ಶುರುವಾಗುವ ಪ್ರತಿ ಶುಕ್ರವಾರ ಅವನು ಮೂರು ತಟ್ಟೆ ಇಟ್ಟು, ಆಲೂಗಡ್ಡೆ ಬೇಯಿಸಿ, ಕಿಟಕಿಯ ಬಳಿ ನಿಲ್ಲುತ್ತಿದ್ದ. ಏಳಕ್ಕೆ ತಟ್ಟೆಗಳನ್ನು ಒಳಗಿಡುತ್ತಿದ್ದ. ಡಬ್ಬಿಗಳು ಫ್ರೀಜರಿನಲ್ಲಿ ಬೆಳೆದು, ಮಾರ್ಚಿನಲ್ಲಿ ಅದರ ಮುಚ್ಚಳ ಕೂರದಂತಾಯಿತು. ಆ ತಿಂಗಳ ಒಂದು ಶುಕ್ರವಾರ, ಬಾಣಲೆ ಒಲೆಯ ಮೇಲಿರುವಾಗಲೇ, ತುವಾಳ ಸಂದೇಶ ಬಂತು. ತುವಾ ಅದನ್ನು ನಹ್ರಿನ್‌ಗೂ ಕಳಿಸಿದ್ದಳು, ನಹ್ರಿನ್ ನನಗೆ ಓದಿ ಹೇಳಿದಳು: "ಅಪ್ಪ, ಇನ್ಮೇಲೆ ನಾನು ಅಮ್ಮನ ಹತ್ರಾನೇ ಇರ್ತೀನಿ. ಬೇಜಾರ್ ಮಾಡ್ಕೋಬೇಡ." ಕೆಳಗೆ ಅವನ ಉತ್ತರ ಒಂದೇ ಪದ: "ಸರಿ."

ಆಮೇಲೆ ಟೋರ್ಗ್ನಿ ಅಂಗಡಿಗೆ ಬಂದಿಲ್ಲ. ಕಾರ್ಖಾನೆಯಲ್ಲಿ ಎರಡೆರಡು ಪಾಳಿ ಕೇಳಿ ಪಡೆಯುತ್ತಾನಂತೆ, ವಾರ ಯಾವುದಾದರೇನು ಎಂದು. ಅವನ ಮನೆಯೊಳಗಿನ ಮಾತನ್ನು ಊರಿಗೆ ಹಂಚಿದವನು ನಾನು. ಅದನ್ನು ಅವನೆದುರು ಒಪ್ಪಿಕೊಂಡು ಕ್ಷಮೆ ಕೇಳಬೇಕು, ಅವನ ಮಗಳ ಹತ್ತಿರವೂ ಕೇಳಬೇಕು. ಇನ್ನೂ ಕೇಳಿಲ್ಲ.