ಪಾವಕ್ಕ ಕೇಳಿದಾಗ ನಾನು ಹೇಳಿದ್ದು

ನನ್ನ ಗಂಡನ ಅಕ್ಕನಿಗೆ ಕೇರಿಯವರು ಇಟ್ಟ ಹೆಸರು ಪಾವಕ್ಕ. ಹಿತ್ತಾಳೆಯ ಪಾವು ಕೈಗೆ ಬರದೆ ಅವರು ಒಲೆ ಹಚ್ಚುತ್ತಿರಲಿಲ್ಲ. ಹಿಟ್ಟು ಪಾವಿನಲ್ಲಿ, ಬೇಳೆ ಪಾವಿನಲ್ಲಿ, ಎಣ್ಣೆ ಒಂದು ಪುಟ್ಟ ಚಮಚದಲ್ಲಿ, ಉಪ್ಪು ಮೂರು ಬೆರಳಿನಲ್ಲಿ. ಚಮಚದ ಬೆನ್ನಿಗೆ ಅಂಟಿದ ಎಣ್ಣೆಯನ್ನೂ ಬೆರಳಲ್ಲಿ ಬಳಿದು ರೊಟ್ಟಿಗೆ ಸವರುತ್ತಿದ್ದರು. ಎದುರಿಗೆ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ ಎಂದು ನಾನು ತಿಳಿದಿದ್ದೆ. ಮದುವೆಯಾಗಿ ಬಂದ ವಾರದಲ್ಲೇ ಪಕ್ಕದ ಮನೆಯ ಗಾರೆಯವನು ಬೇಲಿಯಾಚೆಯಿಂದ "ಪಾವಕ್ಕಾ, ಇವತ್ತು ಬಿಸಿಲನ್ನೂ ಅಳೆದು ಬಿಟ್ಟಿದ್ದೀರಾ ಹೇಗೆ, ನಮ್ಮ ಕಡೆ ಬರ್ತಾನೇ ಇಲ್ಲ" ಎಂದ. ಅವರು ನಗುತ್ತಾ "ನಿನ್ನ ಪಾಲು ನಿನ್ನೆ ನೀನೇ ಕಾಯಿಸಿಕೊಂಡು ಮುಗಿಸಿದೆಯಲ್ಲೋ, ಸೋಮಾರಿ" ಎಂದರು. ಅವರಿಗೆ ಆ ಹೆಸರಿನ ಮೇಲೆ ಬೇಸರವಿರಲಿಲ್ಲ. ಒಳಗೊಳಗೇ ಹೆಮ್ಮೆಯೂ ಇತ್ತೋ ಏನೋ.

ನಾನು ಅವರನ್ನು ಅತ್ತಿಗೆ ಎಂದು ಕರೆಯುತ್ತಿದ್ದೆ. ಆ ಮನೆಯಲ್ಲಿ ಇದ್ದವರು ಮೂವರೇ. ತಂದೆತಾಯಿ ಒಂದೇ ವರ್ಷ ಜ್ವರದಲ್ಲಿ ಹೋದಾಗ ಅತ್ತಿಗೆಗೆ ಹದಿನೆಂಟು, ತಮ್ಮನಿಗೆ ಎಂಟು. ಒಂದೂವರೆ ಎಕರೆ, ಒಂದು ಹಸು, ಎಂಟು ಹತ್ತು ಕೋಳಿ. ಇಷ್ಟರಲ್ಲಿ ತಮ್ಮನನ್ನು ಸಾಕಿ, ತಮಗೆ ಮದುವೆ ಬೇಡವೆಂದು, ಅವನಿಗೆ ಮದುವೆ ಮಾಡಿದವರು. ಅವರ ಕೈಯಲ್ಲಿ ಯಾವುದೂ ಕಸವಾಗುತ್ತಿರಲಿಲ್ಲ. ಆಲೂಗಡ್ಡೆ ಬೇಯಿಸಿದ ನೀರಲ್ಲಿ ಹಿಟ್ಟು ಕಲೆಸುವುದು. ಕೋಸಿನ ಹೊರಗಿನ ಎಲೆ ಹಸುವಿಗೆ, ಮೊಟ್ಟೆಯ ಚಿಪ್ಪನ್ನು ಕುಟ್ಟಿ ಕೋಳಿಗೆ. ಕರಿದು ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಬೇರೆ ಡಬ್ಬಿಗೆ ಹಾಕಿ ಇನ್ನೊಂದು ಸಲಕ್ಕೆ ಇಡುವುದು. ಉರಿದ ಕೊಳ್ಳಿಯನ್ನು ನೀರು ಚಿಮುಕಿಸಿ ಆರಿಸಿ, ಆ ಇದ್ದಿಲನ್ನು ಇಸ್ತ್ರಿಪೆಟ್ಟಿಗೆಗೆ ಎತ್ತಿಡುವುದು. ಇಷ್ಟೆಲ್ಲಾ ಮಾಡಿಯೂ ಅಡುಗೆ ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಎಂದಿರಲಿಲ್ಲ. ವರ್ಷದ ಮುನ್ನೂರ ಅರವತ್ತೈದು ದಿನವೂ ಒಂದೇ ಉಪ್ಪು, ಒಂದೇ ಖಾರ.

ಆದರೆ ರುಚಿ ನೋಡುತ್ತಿರಲಿಲ್ಲ. ಅದೇಕೆ ಎಂದು ಕೇಳಿದರೆ "ರುಚಿ ನೋಡ್ತೀನಿ ಅಂತ ದಿನಕ್ಕೊಂದು ಸೌಟು ಹೊಟ್ಟೆಗೆ ಇಳಿಸೋ ಚಾಳಿ ನನಗಿಲ್ಲಮ್ಮ" ಎನ್ನುವರು.

ಬೆಳಗಾದರೆ ನನಗೊಂದು ಪರೀಕ್ಷೆ. ಹಾಲಿನ ಪಾತ್ರೆ, ಹಿಂದಿನ ದಿನ ಕಲೆಸಿಟ್ಟ ಹಿಟ್ಟು, ವಾರದಿಂದ ಕೂಡಿಟ್ಟ ಕೆನೆ, ಎಣ್ಣೆಯ ಡಬ್ಬಿ, ಯಾವುದಾದರೊಂದನ್ನು ನನ್ನ ಮೂಗಿನ ಕೆಳಗೆ ಹಿಡಿಯುವರು.

"ಬಾ ಇಲ್ಲಿ. ಮೂಸಿ ಹೇಳು, ಹೇಗಿದೆ?"

"ಚೆನ್ನಾಗಿದೆ ಅತ್ತಿಗೆ."

"ಹ್ಞೂಂ. ಪರವಾಗಿಲ್ಲ, ಕಲೀತಿದ್ದೀಯ."

ಹೊಸ ಸೊಸೆಗೆ ಮನೆವಾರ್ತೆ ಕಲಿಸುತ್ತಿದ್ದಾರೆ ಎಂದುಕೊಂಡೆ. ಒಳಗೇ ಸಿಟ್ಟು ಬರುತ್ತಿತ್ತು. ನನ್ನ ತಾಯಿಯ ಮನೆಯಲ್ಲೂ ಹಾಲು ಇತ್ತು, ನನಗೂ ಮೂಗು ಇತ್ತು. ಉಗ್ರಾಣದ ಬೀಗದ ಕೈ ಅತ್ತಿಗೆಯ ಸೊಂಟದಲ್ಲಿ. ಒಂದು ಈರುಳ್ಳಿ ಬೇಕೆಂದರೂ ಅವರನ್ನೇ ಕೇಳಬೇಕು. ಬಸುರಿಯಾದ ಮೇಲಂತೂ ನನಗೆ ಹೊತ್ತುಗೊತ್ತಿಲ್ಲದೆ ಹಸಿವು. ಅವರು ನನಗೆಂದು ಒಂದು ಲೋಟ ಹಾಲು ಹೆಚ್ಚಿಗೆ ಕೊಡುತ್ತಿದ್ದರು, ನಿಜ. ಆದರೆ ಅದನ್ನೂ ಅಳೆದೇ ಕೊಡುತ್ತಿದ್ದರು. ನನಗೆ ಕಂಡದ್ದು ಅಳತೆ ಮಾತ್ರ, ಹಾಲು ಕಾಣಲಿಲ್ಲ.

ಒಂದು ಮಧ್ಯಾಹ್ನ ಹಿತ್ತಿಲಿನಿಂದ ಅಡುಗೆಮನೆಗೆ ಕಾಲಿಟ್ಟವಳು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಏನೋ ಸತ್ತು ಕೊಳೆತ ವಾಸನೆ. ಅತ್ತಿಗೆ ಹಿಟ್ಟಿನ ಪೆಟ್ಟಿಗೆಗೆ ಒರಗಿ ಕೂತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಬಾಯಲ್ಲಿ ಏನೋ ಗುನುಗು.

"ಅತ್ತಿಗೆ, ಇಲ್ಲೇ ಏನೋ ಸತ್ತಿದೆ!"

ಅವರು ಗಕ್ಕನೆ ತಲೆಯೆತ್ತಿದರು. "ಹೌದಾ?" ಎಂದರು. ಆಮೇಲೆ ಅವಸರವಾಗಿ, "ಹೌದು ಹೌದು, ನನಗೂ ಆಗ್ಲಿಂದ ಹಾಗೇ ಅನ್ನಿಸ್ತಿತ್ತು. ಬೇಳೆ ಮುಗಿಸಿ ನೋಡೋಣ ಅಂತಿದ್ದೆ."

ಪೆಟ್ಟಿಗೆ ಸರಿಸಿದರೆ ಅದರ ಹಿಂದೆ ಇಲಿ. ಹಿಂದಿನ ದಿನ ಸತ್ತದ್ದಿರಬೇಕು. ಅತ್ತಿಗೆಯ ಬೆನ್ನಿಗೂ ಅದಕ್ಕೂ ಒಂದು ಗೇಣು ದೂರ. ನಾನು ಅದನ್ನು ಬಾಲ ಹಿಡಿದು ಎತ್ತಿದಾಗ ಅವರು ನನ್ನ ಮುಖ ನೋಡಲಿಲ್ಲ, ಮೊರದಲ್ಲಿದ್ದ ಬೇಳೆಯನ್ನೇ ನೋಡುತ್ತಿದ್ದರು.

ಎಲ್ಲ ಅವತ್ತು ಗೊತ್ತಾಯಿತು. ತಂದೆತಾಯಿಯನ್ನು ಒಯ್ದ ಜ್ವರ ಅವರಿಗೂ ಬಂದಿತ್ತು ಎಂದು ನಮ್ಮವರು ಹಿಂದೆ ಹೇಳಿದ್ದರು. ಅದು ಹೋಗುವಾಗ ಮೂಗನ್ನು ಹೊತ್ತುಕೊಂಡು ಹೋಗಿತ್ತು. ಮೂಗು ಹೋದವರಿಗೆ ನಾಲಿಗೆ ಎಲ್ಲಿ ಉಳಿಯುತ್ತದೆ? ಅದಕ್ಕೇ ಪಾವು, ಅದಕ್ಕೇ ಚಮಚ, ಅದಕ್ಕೇ ಮೂರು ಬೆರಳು. ಜಿಪುಣತನ ಎಂದು ಕೇರಿಯೆಲ್ಲ ನಗುತ್ತಿದ್ದ ಅಳತೆಯಿಂದಲೇ ಅವರು ಎಂಟು ವರ್ಷದ ಹುಡುಗನಿಗೆ ಅನ್ನ ಬೇಯಿಸಿದ್ದರು. ನನಗೆ ದಿನಾ ಕೊಡುತ್ತಿದ್ದದ್ದು ಪರೀಕ್ಷೆಯೂ ಅಲ್ಲ. ನನ್ನ ಮೂಗನ್ನು ಅವರು ಎರವಲು ಕೇಳುತ್ತಿದ್ದರು. ಬಾಯಿಬಿಟ್ಟು ಕೇಳಲು ನಾಚಿಕೆ. ಮೂಗಿಲ್ಲದವಳ ಅಡುಗೆ ಎಂದರೆ ಯಾರು ತಿಂದಾರು ಎಂಬ ಹೆದರಿಕೆ.

ನಾನು ಈ ವಿಷಯ ಯಾರಿಗೂ ಹೇಳಲಿಲ್ಲ. ಕನಿಕರದಿಂದ ಅಲ್ಲ. ಅತ್ತಿಗೆಯ ಜುಟ್ಟು ಕೈಗೆ ಸಿಕ್ಕಿತು ಎಂಬ ಖುಷಿಗೆ.

ತಿಂಗಳಾದ ಮೇಲೆ ಆಲೂಗಡ್ಡೆ ಕೀಳುವ ದಿನ ಬಂತು. ನಮ್ಮಲ್ಲಿ ಅದು ಮುಯ್ಯಿಯ ಕೆಲಸ. ನಾವು ಅವರ ಹೊಲಕ್ಕೆ ಹೋಗುವುದು, ಅವರು ನಮ್ಮ ಹೊಲಕ್ಕೆ ಬರುವುದು. ಕೂಲಿಯಿಲ್ಲ, ಊಟ ಮಾತ್ರ. ಹಾಗಾಗಿ ಊಟದಲ್ಲಿ ಕೈ ಬಿಗಿ ಹಿಡಿಯುವಂತಿಲ್ಲ. ಹನ್ನೆರಡು ಜನಕ್ಕೆ ಅತ್ತಿಗೆ ಬೇಯಿಸಿದ ಆಲೂಗಡ್ಡೆಯನ್ನು ಈರುಳ್ಳಿಯೊಡನೆ ಹಿಸುಕಿ, ಮೊಟ್ಟೆಯಲ್ಲಿ ಅದ್ದಿ ಕರಿಯುವ ಯೋಚನೆ ಹಾಕಿದ್ದರು. ವರ್ಷಕ್ಕೊಂದೇ ದಿನ ನಮ್ಮ ಮನೆಯಲ್ಲಿ ಬಾಣಲೆ ತುಂಬ ಎಣ್ಣೆ.

ಬೆಳಿಗ್ಗೆ ನಾನು "ಅತ್ತಿಗೆ, ನನಗೊಂದು ಮೊಟ್ಟೆ ಬೆಣ್ಣೆಯಲ್ಲಿ ಹುರಿದು ಕೊಡ್ತೀರಾ? ತುಂಬಾ ಆಸೆಯಾಗ್ತಿದೆ" ಎಂದೆ.

"ಇವತ್ತೊಂದಿನ ತಡಕೋ ಹುಡುಗಿ. ಲೆಕ್ಕಕ್ಕೆ ಸರಿಯಾಗಿ ಇದೆ. ನಾಳೆ ಕೋಳಿ ಇಟ್ಟಿದ್ದೆಲ್ಲ ನಿನಗೇ."

ಅಷ್ಟೇ ಮಾತು. ಗದರಲಿಲ್ಲ, ಚುಚ್ಚಲಿಲ್ಲ. ಆದರೂ ನನ್ನ ಕಣ್ಣಲ್ಲಿ ನೀರು ಬಂತು, ಹಿಂದೆಯೇ ಸಿಟ್ಟು. ಅಷ್ಟರಲ್ಲಿ ಅವರು ಸೋಸಿಟ್ಟ ಎಣ್ಣೆಯ ಡಬ್ಬಿ ತಂದು ಮುಚ್ಚಳ ತೆಗೆದು ಹಿಡಿದರು.

"ಸ್ವಲ್ಪ ಹಳೇದು ಇದು. ಹೇಗಿದೆ ಹೇಳು. ಕೆಟ್ಟಿದ್ರೆ ಹೊಸ ಡಬ್ಬಿ ಒಡೀತೀನಿ."

ಮೂಸಿದೆ. ಕಮಟು ಗಂಟಲಿನವರೆಗೂ ಇಳಿದು ಚುಚ್ಚಿತು. ಅವರ ಮುಖ ನೋಡಿದೆ. ನಂಬಿಕೊಂಡು ನಿಂತ ಮುಖ.

"ಚೆನ್ನಾಗಿದೆ ಅತ್ತಿಗೆ" ಎಂದೆ.

ಅವರು ಕರಿಯುವಾಗ ನಾನು ಕಾಲು ಊದಿದೆ ಎಂದು ಹೇಳಿ ಜಗಲಿಗೆ ಹೋಗಿ ಕೂತೆ. ಅಲ್ಲಿಗೂ ವಾಸನೆ ಬರುತ್ತಿತ್ತು. ಎದ್ದು ಹೋಗಿ ಹೇಳಲು ಒಂದು ಗಂಟೆ ಹೊತ್ತಿತ್ತು. ಅವರು ಬುಟ್ಟಿ ತಲೆಯ ಮೇಲಿಟ್ಟು ಹೊಲಕ್ಕೆ ಹೊರಟಾಗಲೂ ಒಂದು ಕೂಗು ಹಾಕಬಹುದಿತ್ತು. "ಬಾಗಿಲು ಹಾಕ್ಕೋ, ಕೋಳಿ ಒಳಗೆ ಬಂದಾವು" ಎಂದು ಹೇಳಿ ಹೋದರು. ಬಾಗಿಲು ಹಾಕಿಕೊಂಡೆ.

ಹೊಲದಲ್ಲಿ ಆದದ್ದನ್ನು ನನಗೆ ಹೇಳಿದವಳು ಗಾರೆಯವನ ಹೆಂಡತಿ. ಮೊದಲ ತುತ್ತಿಗೇ ಒಬ್ಬ ಉಗಿದನಂತೆ. ನೋಡನೋಡುತ್ತಿದ್ದಂತೆ ಎಲ್ಲರೂ ಉಗಿದರಂತೆ. ಗಾರೆಯವನು "ಪಾವಕ್ಕಾ, ಇದು ಗಾಡಿ ಅಚ್ಚಿಗೆ ಹಚ್ಚೋ ಎಣ್ಣೆ ಅಲ್ವಾ? ಎತ್ತಿಗೆ ತರೋದನ್ನ ನಮಗೆ ತಂದ್ರಾ?" ಎಂದು ಕೇಳಿದನಂತೆ. ಹನ್ನೆರಡು ಜನ ಖಾಲಿ ರೊಟ್ಟಿ ನೀರಲ್ಲಿ ಅದ್ದಿಕೊಂಡು ತಿಂದು ಸಂಜೆಯವರೆಗೆ ದುಡಿದು ಹೋದರು. ಹೋಗುವಾಗ ಒಬ್ಬರೂ "ಬರ್ತೀವಿ" ಎನ್ನಲಿಲ್ಲ.

ನಮ್ಮವರು ಮನೆಗೆ ಬಂದು ಬುಟ್ಟಿಯನ್ನು ಅಡುಗೆಮನೆಯ ನಡುವೆ ಇಳಿಸಿದರು. ಅವರು ಅಕ್ಕನ ಎದುರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ.

"ಅಕ್ಕಾ, ಮೂಗಿಗೆ ರಪ್ಪಂತ ಹೊಡೀತಿದೆ. ನಿನಗೆ ಗೊತ್ತಾಗಲಿಲ್ವಾ?"

ಅತ್ತಿಗೆ ನನ್ನ ಕಡೆ ಒಮ್ಮೆ ನೋಡಿದರು.

"ಗೊತ್ತಾಯ್ತು ಕಣೋ" ಎಂದರು. "ಚೆಲ್ಲೋಕೆ ಮನಸ್ಸು ಬರಲಿಲ್ಲ."

"ಮನಸ್ಸು ಬರಲಿಲ್ವಾ! ಹನ್ನೆರಡು ಜನರ ಎದುರು ನಾನು ತಲೆ ಎತ್ತೋ ಹಾಗಿಲ್ಲ, ನಿನಗೆ ಒಂದು ಡಬ್ಬಿ ಎಣ್ಣೆ ಹೆಚ್ಚಾಯ್ತಾ? ಕೊಡು ಇಲ್ಲಿ ಬೀಗದ ಕೈ."

ಅತ್ತಿಗೆ ಸೊಂಟದಿಂದ ಬಿಚ್ಚಿ ಕೊಟ್ಟರು. ಮೂಗಿಲ್ಲದವಳು ಎನ್ನಿಸಿಕೊಳ್ಳುವುದಕ್ಕಿಂತ ಜಿಪುಣಿ ಎನ್ನಿಸಿಕೊಳ್ಳುವುದನ್ನು ಆರಿಸಿಕೊಂಡರು. ನನ್ನ ಹೆಸರನ್ನಂತೂ ನಾಲಿಗೆಯ ತುದಿಗೂ ತರಲಿಲ್ಲ. ಬೀಗದ ಕೈ ನನ್ನ ಕೈಗೆ ಬಂತು. ಅದು ಅವರ ಮೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು.

ಮಾರನೆಯ ದಿನ ಅವರು ಕೋಳಿಗೂಡಿನಿಂದ ಐದು ಮೊಟ್ಟೆ ತಂದು ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು "ತಗೋ, ನಿನ್ನೆ ಹೇಳಿದ್ನಲ್ಲ" ಎಂದರು. ನಾನು ಅವನ್ನು ಹುರಿದುಕೊಂಡು ತಿಂದೆ. ತಿಂದೆ ಎಂದೇ ಬರೆಯಬೇಕು, ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಮೇಲೆ ಅವರು ಒಲೆಯ ಮುಂದೆ ಕೂರಲಿಲ್ಲ. ಕೋಳಿ, ತರಕಾರಿ ಮಡಿ, ಹಸು, ಇಷ್ಟು ತಮ್ಮದು ಮಾಡಿಕೊಂಡರು. ನಾನು ಮಾಡಿದ ಅಡುಗೆ ಮೂರು ವಾರಕ್ಕೆ ತಿಂಗಳ ಹಿಟ್ಟು ಮುಗಿಸಿತು. ಒಂದು ದಿನ ಉಪ್ಪು, ಒಂದು ದಿನ ಸಪ್ಪೆ. ನಮ್ಮವರು ಮುಖ ಕಿವುಚಿದರೆ ಅತ್ತಿಗೆ "ತಿನ್ನೋ, ಕೈ ಕುದುರೋಕೆ ಹೊತ್ತು ಬೇಕು. ನಾನು ಮಾಡಿದ ಮೊದಲ ರೊಟ್ಟಿ ನೆನಪಿದೆಯಾ, ನೀನು ಅದನ್ನ ಬಾವಿಗೆ ಎಸೆದಿದ್ದೆ" ಎಂದು ನಗಿಸುವರು. ಮುಂದಿನ ವರ್ಷ ಮುಯ್ಯಿಗೆ ಬಂದವರು ಸೊಂಟದಲ್ಲಿ ತಮ್ಮ ತಮ್ಮ ಬುತ್ತಿ ಕಟ್ಟಿಕೊಂಡು ಬಂದರು. ಅತ್ತಿಗೆ ಅದನ್ನು ಕಂಡು ಹಿತ್ತಿಲಿಗೆ ಹೋದವರು ಆ ದಿನವೆಲ್ಲ ಮುಂದಿನ ಅಂಗಳಕ್ಕೆ ಬರಲಿಲ್ಲ.

ಹೀಗೆ ಮೂವತ್ತೆರಡು ವರ್ಷ. ನನ್ನ ಮೂರು ಮಕ್ಕಳನ್ನೂ ಎಣ್ಣೆ ಹಚ್ಚಿ ಮೀಯಿಸಿದ್ದು ಅವರೇ. ಆ ಮಕ್ಕಳೂ ದೊಡ್ಡವರಾದ ಮೇಲೆ "ಅತ್ತೆ ಹನ್ನೆರಡು ಜನಕ್ಕೆ ಅಚ್ಚೆಣ್ಣೆ ತಿನ್ನಿಸಿದ್ದು" ಎಂದು ಹೇಳಿಕೊಂಡು ನಗುತ್ತಿದ್ದರು. ಅವರ ಜೊತೆ ನಾನೂ ನಕ್ಕಿದ್ದೇನೆ.

ಕೊನೆಯ ಸಲ ಮಲಗಿದಾಗ, ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ಕೈ ತಡೆದರು.

"ಒಂದು ಮಾತು ಕೇಳ್ಲಾ? ಆ ಎಣ್ಣೆ ದಿನ ನೀನು ಐದು ತಿಂಗಳ ಬಸುರಿ ಅಲ್ವಾ? ಬಸುರೀರಿಗೆ ಮೂಗು ಅಡ್ಡಾದಿಡ್ಡಿ ಆಗುತ್ತಂತೆ. ಒಳ್ಳೇದು ಕೆಟ್ಟ ವಾಸನೆ ಹೊಡೆಯೋದು, ಕೆಟ್ಟದ್ದು ಗೊತ್ತೇ ಆಗದೆ ಇರೋದು. ಹಾಗೇ ಆಗಿತ್ತು ಅಲ್ವಾ?"

ಮೂವತ್ತೆರಡು ವರ್ಷ ನನಗಾಗಿ ಆ ನೆಪವನ್ನು ಅವರೇ ಹುಡುಕಿ ಜೋಪಾನ ಮಾಡಿಟ್ಟಿದ್ದರು. ಈಗಲಾದರೂ ನಿಜ ಹೇಳಬಹುದಿತ್ತು.

"ಹೌದು ಅತ್ತಿಗೆ" ಎಂದೆ.

"ನಾನೂ ಅದೇ ಅಂದ್ಕೊಂಡಿದ್ದೆ" ಎಂದು ಕಣ್ಣು ಮುಚ್ಚಿದರು. ಮುಖ ಹಗುರಾಯಿತು. ನಾಲ್ಕು ದಿನದಲ್ಲಿ ಹೋದರು.

ಅವರ ಬಟ್ಟೆಬರೆ ಮಡಚಿಡುವಾಗ ನಮ್ಮವರು ಪೆಟ್ಟಿಗೆಯ ಮುಂದೆ ಕೂತು "ಎಲ್ಲ ಸರಿ ಇದ್ದಳು. ಆ ಒಂದು ಜಿಪುಣತನ ಇಲ್ಲದೆ ಹೋಗಿದ್ರೆ…" ಎಂದರು. ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ. ಇಲಿಯಿಂದ ಹಿಡಿದು ಗಂಜಿಯವರೆಗೆ ಎಲ್ಲ ಹೇಳಿದೆ. ಅವರು ಬೈಯುತ್ತಾರೆ, ಕೈ ಎತ್ತುತ್ತಾರೆ ಎಂದು ಕಾದೆ. ಅವರು ಅಕ್ಕನ ಸೀರೆಯೊಂದನ್ನು ಮಡಿಲಿಗೆ ಎಳೆದುಕೊಂಡರು.

"ನಿನ್ನ ಮೇಲೆ ಬೇಜಾರಿಲ್ಲದೆ ಹೋದಳು ಅನ್ನು" ಎಂದರು. "ನನ್ನ ಮೇಲೆ ಇತ್ತಾ?"

ನಾನು ಮಡಚಿಟ್ಟಿದ್ದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದೆ.

ಮರುದಿನ ಬೆಳಿಗ್ಗೆ ಅಂಗಿ ಹಾಕಿಕೊಂಡು ಹೊರಟರು. ಆ ಹನ್ನೆರಡು ಜನರಲ್ಲಿ ಇನ್ನೂ ಬದುಕಿದ್ದವರು ಐವರು. ಐವರ ಮನೆಗೂ ಹೋಗಿ, ಕೂರಲೂ ಇಲ್ಲವಂತೆ, ಬಾಗಿಲಲ್ಲೇ ನಿಂತು "ನಮ್ಮಕ್ಕನಿಗೆ ವಾಸನೆ ಗೊತ್ತಾಗ್ತಿರಲಿಲ್ಲ. ಅವಳು ಜಿಪುಣತನಕ್ಕೆ ಮಾಡಿದ್ದಲ್ಲ. ನಮಗೆ ತಿಳೀಲಿಲ್ಲ" ಎಂದು ಹೇಳಿ ಬಂದರಂತೆ. ನಮಗೆ ಎಂದರಂತೆ. ನನ್ನ ಹೆಸರನ್ನು ಅಕ್ಕನೂ ಹೇಳಲಿಲ್ಲ, ತಮ್ಮನೂ ಹೇಳಲಿಲ್ಲ. ಆಮೇಲೆ ಬದುಕಿದ್ದ ಒಂಬತ್ತು ವರ್ಷವೂ ನನ್ನೊಡನೆ ಅವರು ಎಂದಿನಂತೆಯೇ ಇದ್ದರು. ಈ ವಿಷಯ ಮಾತ್ರ ಮತ್ತೆ ಎತ್ತಲಿಲ್ಲ.

ನಮ್ಮವರೂ ಹೋಗಿ ನಾಲ್ಕು ವರ್ಷವಾಯಿತು. ಗಾರೆಯವನ ಹೆಂಡತಿ ಈಚಿನವರೆಗೂ ಮೊಟ್ಟೆಗೆಂದು ಬೆಳಿಗ್ಗೆ ಬರುತ್ತಿದ್ದಳು. ಹೋದ ತಿಂಗಳು ಜಗಲಿಯ ಮೇಲೆ ಕೂತು "ಎಂಥಾ ಮನೆ ಅಕ್ಕಾ ನಿಮ್ಮದು! ಪಾಪ ಮೂಗಿಲ್ಲದ ಅವರನ್ನ ಕೊನೇವರೆಗೂ ಕೈಯಲ್ಲಿಟ್ಟುಕೊಂಡು ನೋಡಿದ್ರಿ. ಬೇರೆಯವರಾಗಿದ್ರೆ ಆಗ್ತಿತ್ತಾ?" ಎಂದಳು. ಇಂಥ ಮಾತಿಗೆ ಇಷ್ಟು ವರ್ಷ ತಲೆ ಬಗ್ಗಿಸಿ ಸುಮ್ಮನಿರುತ್ತಿದ್ದೆ, ಅವಳು ಅದನ್ನು ವಿನಯ ಎಂದುಕೊಳ್ಳುತ್ತಿದ್ದಳು. ಅವತ್ತು ಅವಳ ಮುಂಗೈ ಹಿಡಿದು ಕೂರಿಸಿ, ಡಬ್ಬಿ ಮೂಸಿದ್ದು, ಚೆನ್ನಾಗಿದೆ ಎಂದದ್ದು, ಕೊನೆಗೆ ಬಸುರಿನ ನೆಪಕ್ಕೆ ಹೌದು ಎಂದದ್ದು, ಎಲ್ಲ ಹೇಳಿದೆ.

ಅವಳು "ಅಯ್ಯೋ ಬಿಡಿ ಅಕ್ಕಾ, ಯಾವ ಕಾಲದ್ದೋ" ಎಂದು ಸೆರಗು ಕೊಡವಿ ಎದ್ದಳು.

ಮರುದಿನ ಅವಳು ಬರಲಿಲ್ಲ, ಸೊಸೆಯನ್ನು ಕಳಿಸಿದಳು. ಆಮೇಲೆ ದಿನಾ ಸೊಸೆಯೇ ಬರುತ್ತಾಳೆ, ಅಂಗಳದಲ್ಲೇ ನಿಂತು ಮೊಟ್ಟೆ ತೆಗೆದುಕೊಂಡು ಹೋಗುತ್ತಾಳೆ. ನಾನು ಅವಳನ್ನು ಜಗಲಿಗೆ ಕರೆಯುವುದಿಲ್ಲ.