ಮೆರವಣಿಗೆಯ ಮುಂದಿನ ಸಾಲು

ಬಸಿರಿಗೆ ಜೈಕಾರ ಕೂಗುವುದನ್ನು ನಾನು ಮೊದಲು ಕೇಳಿದ್ದು ಕೋಲಾರದ ಬೀದಿಯಲ್ಲಿ. ಆ ಬಸಿರು ನನ್ನದೇ ಆಗಿತ್ತು. ಗರ್ಭಪಾತ ಬೇಡವೆಂದು ನಮ್ಮ ಚರ್ಚಿನವರು ಹೊರಡಿಸಿದ ಮೆರವಣಿಗೆಯಲ್ಲಿ, ಬ್ಯಾನರಿನ ಒಂದು ತುದಿ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದೆ.

ಗಂಡನಿಗೆ ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಕರಾವಳಿಯ ಶಿರ್ವದಿಂದ ಇಲ್ಲಿಗೆ ಬಂದವರು ನಾವು. ಇಲ್ಲಿ ಕಡಲಿಲ್ಲ. ಮೀನು ಊರು ಮುಟ್ಟುವ ಹೊತ್ತಿಗೆ ಅದರ ಕಣ್ಣೂ ನನ್ನ ಕಣ್ಣಿನಷ್ಟೇ ಸೋತಿರುತ್ತದೆ. ಮೊದಲ ಸಲ ರಾಗಿಮುದ್ದೆಯನ್ನು ಜಗಿದು ತಿಂದಾಗ ಮನೆಯೊಡತಿ ರತ್ನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು: "ಅಯ್ಯೋ, ನುಂಗ್ಬೇಕು ಕಣಮ್ಮಾ!" ರಾಯಲ್ಪಾಡಿನ ಕಡೆಯವರು, ಅವರದು ಒಂದು ಮಾತು ಕನ್ನಡ, ಒಂದು ಮಾತು ತೆಲುಗು. ನನ್ನ ಪುಸ್ತಕದಂಥ ಕನ್ನಡಕ್ಕೆ ಚರ್ಚಿನಲ್ಲೂ ನಗುತ್ತಿದ್ದರು. ಬಲಿಪೂಜೆ ಮುಗಿಸಿ, ಯಾರೂ ಮಾತಾಡಿಸದೆ ಮನೆಗೆ ಬಂದ ಭಾನುವಾರಗಳೇ ಹೆಚ್ಚು.

ಬಸಿರಾದದ್ದೇ ತಡ, ಎಲ್ಲರೂ ನನ್ನವರಾದರು. ಮೆರವಣಿಗೆ ಹೊರಡುವ ಮುಂಚೆ ಹೆಂಗಸರು ನನ್ನನ್ನು ಚರ್ಚಿನ ಅಂಗಳದಲ್ಲಿ ಕೂರಿಸಿ ಎರಡೂ ಕೈಗೆ ಹಸಿರು ಗಾಜುಲು ತೊಡಿಸಿದರು. ಗಾಜುಲು ಅಂದರೆ ಬಳೆ. ನಮ್ಮಲ್ಲಿ ಏಳನೇ ತಿಂಗಳಿಗೆ ಹೂ ಮುಡಿಸಿ ತವರಿಗೆ ಕರೆದೊಯ್ಯುತ್ತಾರೆ. ಹೂವು ಸಂಜೆಗೆ ಬಾಡುತ್ತದೆ. ಇಲ್ಲಿಯ ಬಳೆಯನ್ನು ಹೆರಿಗೆಯವರೆಗೆ ತೆಗೆಯುವ ಹಾಗಿಲ್ಲವಂತೆ.

"ಈಗಿನ್ನೂ ಐದು ತಿಂಗಳು, ಇಷ್ಟು ಬೇಗ ಯಾಕೆ?" ಎಂದೆ.

"ನಿಮ್ಮೋರೆಲ್ಲ ದೂರ ಅವ್ರಲ್ಲಾ. ನಾವೇ ನಿನ್ನೋರು ಬಿಡಮ್ಮ," ಎಂದರು ಮಹಿಳಾ ಸಂಘದ ಹಿರಿಯರಾದ ಸ್ಟೆಲ್ಲಮ್ಮ. ನನಗೆ ಅಳು ಬಂತು. ಸಂತೋಷಕ್ಕೆ ಅಂದುಕೊಂಡರು.

ಆ ವಾರವೇ ಸ್ಕ್ಯಾನಿಂಗ್ ಆಗಿತ್ತು. ಮಗುವಿನ ಹೃದಯ ಸರಿಯಾಗಿ ಬೆಳೆದಿಲ್ಲ, ಹುಟ್ಟಿದರೂ ಉಳಿಯುವುದು ಕಷ್ಟ, ಮುಂದುವರಿಸುವುದೋ ಬೇಡವೋ ಬೇಗ ತಿಳಿಸಿ ಎಂದಿದ್ದರು ಡಾಕ್ಟರು. ಜೊತೆಗೆ ಬಂದಿದ್ದ ರತ್ನಮ್ಮನನ್ನು ಬಿಟ್ಟರೆ ಗಂಡನಿಗಷ್ಟೇ ಗೊತ್ತು. ಅವರು "ನೀನು ಹೇಳಿದ ಹಾಗೆ" ಎಂದು ಜಾರಿಕೊಂಡರು. ಹೊಟ್ಟೆಯಲ್ಲಿರುವುದೂ ಜೀವವೇ ಎಂದು ನಂಬಿ ಬೆಳೆದವಳು ನಾನು, ಈಗಲೂ ನಂಬುತ್ತೇನೆ. ಆ ಜೀವ ನರಳುವುದನ್ನು ನೋಡುವ ಧೈರ್ಯ ಮಾತ್ರ ಇರಲಿಲ್ಲ. ಬಾಯಿಗೆ ಬಿದ್ದ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮೆರವಣಿಗೆ ನಮ್ಮ ಬೀದಿಗೆ ಬಂದಾಗ ರತ್ನಮ್ಮ ಗೇಟಿನ ಬಳಿ ನೀರಿನ ಚೊಂಬು ಹಿಡಿದು ನಿಂತಿದ್ದರು. ಬಳೆ ನೋಡಿ ಅವರ ಮುಖ ಇಳಿಯಿತು.

"ಇವ್ರಿಗೆ ಹೇಳಿಲ್ವಾ ನೀನು?" ಎಂದರು ಮೆಲ್ಲಗೆ.

"ಹೇಗೆ ಹೇಳುವುದು?"

"ಬ್ಯಾನರ್ ಅವ್ರ ಕೈಗೆ ಕೊಟ್ಟು ಒಳಕ್ಕೆ ಬಾ. ತಲೆ ಸುತ್ತು ಬಂತು ಅಂತ ನಾನ್ ಹೇಳ್ತೀನಿ."

ಗೇಟು ತೆರೆದೇ ಇತ್ತು. ಅಷ್ಟರಲ್ಲಿ ಸ್ಟೆಲ್ಲಮ್ಮ ಹಿಂದಿನಿಂದ ಬೆನ್ನು ಸವರಿದರು. "ಸುಸ್ತಾಯ್ತಾ ಕಂದಾ? ಇನ್ನೊಂಚೂರು ದೂರ ಅಷ್ಟೇ." ಹಿಂದೆ ಇಷ್ಟೊಂದು ಜನ, ನಿಲ್ಲುವುದಕ್ಕೂ ಜಾಗವಿಲ್ಲ. ನೀರು ಕುಡಿದು, ಚೊಂಬು ಕೊಟ್ಟು, ಮುಂದೆ ನಡೆದೆ.

ಸಂಜೆ ಅಮ್ಮನ ಫೋನು ಬಂತು. ಮೆರವಣಿಗೆಯ ಫೋಟೊ ಆಗಲೇ ಶಿರ್ವ ಮುಟ್ಟಿತ್ತು. "ಇನ್ನು ನನಗೆ ಹೆದರಿಕೆ ಇಲ್ಲ ಮಗಾ. ನಿನ್ನನ್ನು ಅಲ್ಲಿಯವಳೇ ಮಾಡಿಕೊಂಡರಲ್ಲ," ಎಂದಳು. "ಹೌದಮ್ಮ," ಎಂದೆ.

ಮಗು ಹುಟ್ಟಿತು, ಒಂದು ಹಗಲು ಬದುಕಿತು. ನಾನೇ ಬೇಕೆಂದು ಹೆತ್ತೆನೋ, ಅಂದು ಆ ಗೇಟಿನೊಳಗೆ ಹೋಗಲಾರದೆ ಹೆತ್ತೆನೋ, ಇವತ್ತಿಗೂ ತಿಳಿಯದು. ಈಗ ಗಂಡನಿಗೆ ಮಂಗಳೂರಿನಲ್ಲೇ ಕೆಲಸ ಸಿಕ್ಕಿದೆ. ಊರಿಗೆ ಬಂದುಬಿಡಿ ಎನ್ನುತ್ತಾರೆ ಶಿರ್ವದ ಮನೆಯವರೆಲ್ಲ. ಮಗು ಕೋಲಾರದ ಮಣ್ಣಿನಲ್ಲಿದೆ. ಅದೊಂದನ್ನೇ ಇಲ್ಲಿ ಬಿಟ್ಟು ಹೇಗೆ ಬರಲಿ?